ನಿಂಬೆಗಿಡಕ್ಕೆ ಬಂದ ಪೇರಲ ಟೊಂಗೆ

ರವಿವಾರ ಬಂತೆಂದರೆ ಉಮಾಶ್ರೀಗೆ ಕನ್ನಡಿಯ ಮುಂದೆ ಕೆಲಸ ಹೆಚ್ಚು. ಹಳಿಯಾಳದ ಆ ಓಣಿಗೆಲ್ಲ ಗೊತ್ತಿದ್ದ ಸಂಗತಿ ಅದು. ನಿಂಬೆಗಿಡದ ಹುಳ ನೋಡಲು ನರ್ಸರಿಯ ಲೋಕೇಶ ಬರುತ್ತಾನೆ. ಗಿಡದ ಒಡತಿ ಮಾತ್ರ ಮದುವೆಗೆ ಹೊರಟವಳಂತೆ ಜಡೆ ಹೆಣೆದುಕೊಂಡು ಕಾಯುತ್ತಾಳೆ.

ಟೆರೇಸಿನಲ್ಲಿ ಇದ್ದದ್ದು ಎರಡೇ ಗಿಡ. ಕುಂಡದ ನಿಂಬೆ ಲೋಕೇಶನ ನರ್ಸರಿಯಿಂದಲೇ ಬಂದದ್ದು. ಇನ್ನೊಂದು ಹಳೆಯ ಪೇಂಟ್ ಬಕೆಟ್ಟಿನ ದಾಳಿಂಬೆ. ತೀರಿಹೋದ ಅವ್ವ ಶಿವವ್ವ, ಕಾಯಿಸಿದ ಸಲಾಕೆಯಿಂದ ಬಕೆಟ್ಟಿಗೆ ತೂತು ಹಾಕಿ ನೆಟ್ಟದ್ದು. ಅವ್ವ ಹೂ ಕಂಡಳು, ಹಣ್ಣು ಕಾಣಲಿಲ್ಲ. ಈ ವರ್ಷ ಮೊದಲ ಸಲ ಕಾಯಿ ಹಿಡಿದಿತ್ತು. ಅದರಲ್ಲಿ ಒಂದು ಹಣ್ಣಾದರೆ ಸಾಕು ಎಂದು ಉಮಾಶ್ರೀ ದೇವರಿಗೆ ಹೇಳಿಕೊಂಡಿದ್ದಳು.

"ನೋಡ್ರಿ, ಎಲಿ ಹಿಂದ ಹಿಟ್ಟು ಉದುರಿಸಿದಂಗ ಐತಲ್ಲ, ಇದ ಹಿಟ್ಟುತಿಗಣಿ," ಎನ್ನುತ್ತ ಲೋಕೇಶ ನಿಂಬೆಯ ಎಲೆಯ ಜೊತೆಗೆ ಅವಳ ಬೆರಳನ್ನೂ ಹಿಡಿದ. ಬಿಡುವ ಅವಸರ ಅವನಿಗೂ ಇರಲಿಲ್ಲ, ಬಿಡಿಸಿಕೊಳ್ಳುವ ಅವಸರ ಅವಳಿಗೂ ಇರಲಿಲ್ಲ.

"ಹೋದ ವಾರನೂ ಬೇವಿನೆಣ್ಣಿ ಹೊಡದ್ರಿ. ಮತ್ತ ಹೆಂಗ ಬಂತು?"

"ಹುಳಕ್ಕ ಈ ಮನಿ ಸೇರೇತಿ. ಯಾರಿಗೆ ಸೇರೂದಿಲ್ಲ ಹೇಳ್ರಿ?"

ಅವಳು ನಗು ತಡೆಯಲಾರದೆ ಚಹಾ ತರುವ ನೆಪ ಮಾಡಿ ಇಳಿದಳು. ಅರ್ಧ ಮೆಟ್ಟಿಲಿಗೆ, ಸಕ್ಕರೆ ಎಷ್ಟೆಂದು ಕೇಳಲು ಹಿಂದಿರುಗಿದಳು. ಲೋಕೇಶ ಚೀಲದಿಂದ ಒಂದು ಪುಟ್ಟ ಟೊಂಗೆ ತೆಗೆದು ನಿಂಬೆಯ ಕವಲಿನಲ್ಲಿ ಸಿಕ್ಕಿಸುತ್ತಿದ್ದ. ಪೇರಲ ಟೊಂಗೆ. ಮೈತುಂಬ ಬಿಳಿ ಹುಳ.

"ಏನದು?"

ಅವನ ಕೈ ಅಲ್ಲೇ ನಿಂತಿತು. "ಉಮಾ, ಸಿಟ್ಟಾಗಬ್ಯಾಡ. ಹುಳ ಹೋದ್ರ ನಾ ಇಲ್ಲಿಗೆ ಏನಂತ ಬರ್ಲಿ? ನಿಮ್ಮಪ್ಪಗ ಏನ್ ಹೇಳ್ಲಿ? ನಿಂಬಿಗಷ್ಟ ಹಚ್ಚತಿದ್ದೆ. ಮುಂದಿನ ವಾರ ನಾನ ತೊಳೀತಿದ್ದೆ."

ಉಮಾಶ್ರೀ ನಿಂಬೆಯ ಬುಡ ನೋಡಿದಳು. ಇರುವೆಗಳ ಸಾಲು ಬಿಳಿ ಹುಳ ಕಚ್ಚಿಕೊಂಡು ಕುಂಡದಿಂದ ಇಳಿದು, ಕಟ್ಟೆಗುಂಟ ಹೋಗಿ ಅವ್ವನ ಬಕೆಟ್ಟು ಹತ್ತುತ್ತಿತ್ತು. ದಾಳಿಂಬೆಯ ಕಾಯಿಗಳ ಕಿರೀಟದೊಳಗೆ ಬಿಳಿ ಹುಳ ಕಿಕ್ಕಿರಿದು ತುಂಬಿದ್ದವು. ಒಂದನ್ನು ಮುಟ್ಟಿದರೆ ಕಳಚಿ ಕೈಗೇ ಬಂತು.

"ಇರಿವಿಗೆ ಹೇಳಿದ್ರೇನು, ನಿಂಬಿಗಷ್ಟ ಇರ್ರಿ ಅಂತ?"

"ಇದನ್ನ ನಾ ಉಳಸ್ತೇನಿ."

"ಮುಟ್ಟಬ್ಯಾಡ್ರಿ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಹುಳ ತಂದವನ ಕೈಯಿಂದಲೇ ಔಷಧ ಹೊಡೆಸಿ, ಅವನಿಗೇ ಏಲಕ್ಕಿ ಚಹಾ ಕುಡಿಸಿದ್ದಳಲ್ಲ. ಅವನು ಹೋದ ಮೇಲೆ ದಾಳಿಂಬೆಯನ್ನು ಮೋಟು ಮಾಡಿ ಕತ್ತರಿಸಿದಳು, ಕಾಂಡವನ್ನು ಹಳೆಯ ಬ್ರಶ್ಶಿನಿಂದ ಉಜ್ಜಿ ತೊಳೆದಳು. ಒಂದು ಕಾಯಿಯೂ ಉಳಿಯಲಿಲ್ಲ.

ಮುಂದಿನ ರವಿವಾರ ಲೋಕೇಶ ಗೇಟಿನ ಹೊರಗೆ ನಿಂತಿದ್ದ. ಚೀಲವಿಲ್ಲ, ಪಂಪಿಲ್ಲ.

"ಇವತ್ತ ಯಾವ ನೆಪಾನೂ ಇಲ್ಲ. ನಿನ್ನ ಕೇಳಾಕ ಬಂದೇನಿ. ನಿಮ್ಮಪ್ಪನ ಮುಂದನೂ ಹೇಳ್ತೇನಿ."

ಇಷ್ಟು ದಿನ ಅವಳು ಕಾದದ್ದು ಈ ಮಾತಿಗೇ. ಎದೆ ಒಂದು ಸಲ ಅವನ ಕಡೆಗೆ ಹೋಯಿತು, ಸುಳ್ಳು ಯಾಕೆ ಹೇಳಲಿ.

"ಇದನ್ನ ಮೊದಲನೇ ರವಿವಾರ ಹೇಳಿದ್ರ, ಚಹಾ ಆರೂದ್ರೊಳಗ ಹೂಂ ಅಂತಿದ್ದೆ," ಎಂದಳು. "ನೀವು ಎಲಿ ತೋರಸ್ಕೋತ ನನ್ನ ಕೈ ಹಿಡೀತಿದ್ರಿ. ಅದರಾಗ ಯಾವುದು ಖರೆ, ಯಾವುದು ನೆಪ, ನನಗ ಈಗ ತಿಳಿವಲ್ದು."

ಅವಳು ನಿಂಬೆಯ ಕುಂಡವನ್ನು ಗೇಟಿನಾಚೆ ಇಟ್ಟಳು. "ನಿಮ್ಮ ಗಿಡ, ನಿಮ್ಮ ಹುಳ. ಒಯ್ರಿ."

ಬೈಕಿನ ಸದ್ದು ಓಣಿ ದಾಟಿದ ಮೇಲೆ ಟೆರೇಸಿಗೆ ಹೋಗಿ ಅವ್ವನ ಬಕೆಟ್ಟಿನ ಪಕ್ಕ ಕೂತು ಅತ್ತಳು. ಅಳುತ್ತಲೇ ಜಡೆ ಬಿಚ್ಚಿದಳು. ಆ ದಿನವೂ ಬೆಳಿಗ್ಗೆ ಎದ್ದು ಹೆಣೆದುಕೊಂಡಿದ್ದಳು.