ಜೊತೆಗೇ ಸರಿಯುವ ಸಂಖ್ಯೆ

"ನನ್ನ ಕರಡು ಪ್ರತಿಗೆ ಕೈ ಹಾಕೋಕೆ ನೀವ್ಯಾರ್ರೀ?!"

ಕಾನೂನುಗಳ ಕರಡು ಬರೆಯುವ ಆ ಕಚೇರಿಯಲ್ಲಿ ಅವಳ ಅಡ್ಡಹೆಸರು ‘ಅಲ್ಪವಿರಾಮ’. ಒಂದು ಅಲ್ಪವಿರಾಮಕ್ಕಾಗಿ ಅರ್ಧ ದಿನ ಜಗಳವಾಡುವವಳು! ಹೊಸ ಸಾಫ್ಟ್‌ವೇರ್ ಕಲಿಸಲು ಬಂದ ಇಂಜಿನಿಯರ್ ಮೊದಲ ದಿನವೇ ಅವಳ ಬಾಯಿಗೆ ಬಿದ್ದ.

"ಕೈ ಹಾಕ್ಲಿಲ್ಲ ಮೇಡಂ. ಕಲಂ ಸಂಖ್ಯೆನ ಟೈಪ್ ಮಾಡ್ಬೇಡಿ, ಲಿಂಕ್ ಕೊಡಿ ಅಂದೆ ಅಷ್ಟೆ. ಮಧ್ಯೆ ಹೊಸ ಕಲಂ ಸೇರಿದ್ರೂ ಸಂಖ್ಯೆ ತಾನೇ ಸರಿಹೋಗುತ್ತೆ."

"ನಂಗೆ ಎಣಿಸೋಕೆ ಬರುತ್ತೆ!"

ಅವನು ನಕ್ಕ. ಆ ನಗು ಚೆನ್ನಾಗಿದ್ದದ್ದೇ ಅವಳ ಸಿಟ್ಟಿಗೆ ತುಪ್ಪ ಸುರಿಯಿತು.

ತಿಂಗಳುಗಳು ಕಳೆದವು. ಎಣ್ಣೆ ಸೀಗೆಕಾಯಿಯಂತಿದ್ದವರು ಒಂದೇ ಮೇಜಿನಲ್ಲಿ ಚಹಾ ಕುಡಿಯುವಂತಾದರು. ಬಾಡಿಗೆ ಮನೆಗಳ ಮಸೂದೆಯಲ್ಲಿ ಒಂದು ಕಲಂ ಅವಳ ಉಸಿರಾಗಿತ್ತು. ಬಾಡಿಗೆದಾರ ತೀರಿಕೊಂಡರೆ ಅವನ ಹೆಂಡತಿಯನ್ನು ಮನೆಯಿಂದ ಹೊರಹಾಕುವಂತಿಲ್ಲ... ತನ್ನನ್ನು ಸಾಕಿದ ಚಿಕ್ಕಮ್ಮ ಹಾಗೇ ಬೀದಿಗೆ ಬಿದ್ದವರು. ಇದನ್ನು ಅವಳು ಹೇಳಿಕೊಂಡದ್ದು ಅವನೊಬ್ಬನಿಗೇ.

ಮಸೂದೆ ಪರಿಶೀಲಿಸುವ ಸಮಿತಿಯ ಸಭೆಯಲ್ಲಿ ಅಧ್ಯಕ್ಷರು ಆ ಕಲಂ ಓದಿದರು.

"ಮೃತನ ಪತ್ನಿಗೆ ಕಲಂ ಹದಿನಾಲ್ಕರ ಹಕ್ಕುಗಳಿರತಕ್ಕದ್ದು... ಹದಿನಾಲ್ಕು ಅಂದ್ರೆ ಚರಂಡಿ ಸ್ವಚ್ಛ ಮಾಡ್ಸೋದಲ್ವೇನ್ರೀ?"

ಎಲ್ಲರೂ ಗೊಳ್ಳೆಂದು ನಕ್ಕರು.

"ಬರೆದವ್ರಿಗೇ ಸ್ಪಷ್ಟ ಇಲ್ಲ. ಈ ಕಲಂ ತೆಗೆದುಬಿಡಿ."

"ತಪ್ಪು ಇವ್ರ ಸಾಫ್ಟ್‌ವೇರ್‌ದು ಸರ್!" ಎಂದು ಅವಳು ಅವನತ್ತ ಬೆರಳು ತೋರಿದಳು.

ಅವನು ಅವಳನ್ನೊಮ್ಮೆ ನೋಡಿದ.

"ಹೌದು ಸರ್. ಇವರ ಕೆಲಸ ಸರಿಯಾಗೇ ಇದೆ. ಕಲಂ ತೆಗೀಬೇಡಿ."

"ಹಾಗಾದ್ರೆ ನಾಳೆಯಿಂದ ನಿಮ್ಮ ಸಾಫ್ಟ್‌ವೇರೂ ಬೇಡ, ನೀವೂ ಬೇಡ."

ಅವಳು ತನ್ನ ಮೇಜಿಗೆ ಬಂದು ಕರಡು ತೆರೆದಳು. ಲಿಂಕ್ ಕೊಟ್ಟ ಸಂಖ್ಯೆಗಳೆಲ್ಲ ನೀಲಿಯಾಗಿ ಕಾಣುತ್ತಿದ್ದವು. ಆ ಹದಿನಾಲ್ಕು ಮಾತ್ರ ಕಪ್ಪು.

ಮೊದಲ ವಾರ ಹಠಕ್ಕೆ ಬಿದ್ದು ತಾನೇ ಟೈಪ್ ಮಾಡಿದ್ದು! ಆಮೇಲೆ ಚರಂಡಿಯ ಕಲಂ ನಡುವೆ ಸೇರಿ, ಬಾಡಿಗೆದಾರರ ಹಕ್ಕುಗಳು ಹದಿನೈದಕ್ಕೆ ಸರಿದಿದ್ದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ... ‘ಅಯ್ಯೋ, ಅವನಿಗೆ ಇದು ಗೊತ್ತಿತ್ತು!’

ಅವಳು ಅಧ್ಯಕ್ಷರ ಕೋಣೆಗೆ ಓಡಿದಳು.

"ತಪ್ಪು ನಂದು ಸರ್. ಶಿಕ್ಷೆ ನಂಗೆ ಕೊಡಿ. ಕಲಮಿಗೂ ಬೇಡ, ಅವರಿಗೂ ಬೇಡ."

ಅಧ್ಯಕ್ಷರು ಕನ್ನಡಕ ತೆಗೆದರು. "ಮತ್ತೆ ಆತ ಯಾಕಮ್ಮಾ ಒಪ್ಕೊಂಡ?"

ಅವಳ ಕೆನ್ನೆ ಕೆಂಪಾಯಿತು. ಅಧ್ಯಕ್ಷರು ಕನ್ನಡಕವನ್ನು ಮತ್ತೆ ಏರಿಸಿಕೊಂಡರು. "ಸರಿ ಮಾಡಿ ತನ್ನಿ. ಇಬ್ರೂ ಕೂತು ಮಾಡಿ," ಎಂದರು.

ಅವನು ವೈರುಗಳನ್ನು ಸುತ್ತಿ ಚೀಲಕ್ಕೆ ತುಂಬುತ್ತಿದ್ದ.

"ಯಾಕೆ ಸುಳ್ಳು ಹೇಳಿದ್ರಿ?"

"ತಪ್ಪು ನಿಮ್ದು ಅಂದಿದ್ರೆ ಕಲಂ ಹೋಗ್ತಿತ್ತು. ಅದು ಚಿಕ್ಕಮ್ಮನ ಕಲಂ ಅಲ್ವಾ..."

ಅವಳ ಕಣ್ಣು ತುಂಬಿತು. "ಕಲಂ ಉಳೀತು. ನೀವೂ ಉಳಿದ್ರಿ. ಈಗ ಲಿಂಕ್ ಕೊಡೋದು ಹೇಳ್ಕೊಡಿ."

ಅವನು ತೋರಿಸಿಕೊಟ್ಟ. ಪರೀಕ್ಷೆಗೆಂದು ನಡುವೆ ಒಂದು ಖಾಲಿ ಕಲಂ ಸೇರಿಸಿದ. ಹದಿನೈದು ತಾನಾಗಿಯೇ ಹದಿನಾರಾಯಿತು.

ಅವಳು ಅದನ್ನೇ ನೋಡುತ್ತ ಕುಳಿತಳು.

"ನಂದೂ ಹಿಂಗೇ... ಇವತ್ತು ಸಿಟ್ಟು, ನಾಳೆ ಹಠ. ನಾನು ಎಲ್ಲಿಗೆ ಸರಿದ್ರೂ ಜೊತೆಗೆ ಬರ್ತೀರಾ?"

"ಬರ್ತೀನಿ. ಆದ್ರೆ ಇನ್ಮೇಲೆ ಸಂಖ್ಯೆ ಟೈಪ್ ಮಾಡ್ಬಾರ್ದು."

"ಮಾಡಲ್ಲ," ಎಂದು ಅವಳು ಕೀಲಿಮಣೆಯ ಮೇಲಿದ್ದ ಕೈಯನ್ನು ತೆಗೆದು ಅವನ ಕೈಯಲ್ಲಿಟ್ಟಳು.