ಮೈಕ್ ಆಫ್ ಮಾಡೋದು ಮರೆತಾಗ

"ಈ ಸೂಜಿ ಡಾಕ್ಟರನ್ನ ಯಾರು ಮದುವೆ ಆಗ್ತಾರೆ, ಅಕ್ಕಾ? ಮುಖ ಎತ್ತಿ ನೋಡೋದೇ ಇಲ್ಲ," ಎಂದಳು ಸ್ಕ್ಯಾನ್ ಟೆಕ್ನಿಶಿಯನ್, ಪಕ್ಕದಲ್ಲಿದ್ದ ನರ್ಸಿಗೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. "ಬೇರೆ ಯಾರೂ ಬೇಡ, ನಾನೇ ಆಗ್ತೀನಿ ಬಿಡಿ!"

ಕಂಟ್ರೋಲ್ ರೂಮಿನ ಗಾಜಿನ ಆಚೆ ಟೇಬಲ್ ಮೇಲೆ ಮಲಗಿದ್ದ ಅಜ್ಜಿ ಕಿಸಕ್ಕನೆ ನಕ್ಕರು. ಸೂಜಿ ಚುಚ್ಚಲಿದ್ದ ಡಾಕ್ಟರು ಕೈ ಹಿಂದೆಳೆದುಕೊಂಡರು. ಆಗ ಅವಳ ಕಣ್ಣು ಮೈಕ್ ಮೇಲೆ ಬಿತ್ತು. ಅಜ್ಜಿಗೆ "ಉಸಿರು ಹಿಡ್ಕೊಳ್ಳಿ" ಅಂದವಳು ಆಫ್ ಮಾಡಿರಲೇ ಇಲ್ಲ.

"ಅಜ್ಜಿ ನಕ್ಕು ಅಲುಗಾಡಿಬಿಟ್ರು. ಇನ್ನೊಮ್ಮೆ ಸ್ಕ್ಯಾನ್ ಮಾಡಿ," ಎಂದರು ಡಾಕ್ಟರು, ಇತ್ತ ತಿರುಗದೆ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಅಜ್ಜಿಯ ಲಿವರ್‌ನಲ್ಲಿ ನೆಲ್ಲಿಕಾಯಿ ಗಾತ್ರದ ಕ್ಯಾನ್ಸರ್ ಗಡ್ಡೆ. ಹೃದಯ ತಡೆಯಲ್ಲ, ಆಪರೇಷನ್ ಬೇಡ ಅಂದಿದ್ದರು ಸರ್ಜನ್. ಮೊದಲಾಗಿದ್ದರೆ ಇಂಥವರನ್ನು ಮನೆಗೆ ಕಳಿಸುತ್ತಿದ್ದರು. ಈಗ ಸ್ಕ್ಯಾನ್ ನೋಡುತ್ತಾ ಸೂಜಿ ಇಳಿಸಿ, ಗಡ್ಡೆಯನ್ನು ಇದ್ದಲ್ಲೇ ಸುಡುತ್ತಾರೆ. ವಾರದಿಂದ ವಾರಕ್ಕೆ ರೋಗಿಗಳು ಹೆಚ್ಚುತ್ತಿದ್ದಾರೆ. ಅಂಥ ಹೊತ್ತಲ್ಲಿ ತಾನು ಹರಟೆ ಹೊಡೆದೆನಲ್ಲ! ನಾಚಿಕೆಯಿಂದ ಕಿವಿ ಸುಡುತ್ತಿತ್ತು.

ಎರಡನೇ ಸ್ಕ್ಯಾನ್ ಆದ ಮೇಲೆ ಸೂಜಿ ನೇರ ಗಡ್ಡೆಗೇ ಹೋಯಿತು. ಉಳಿದದ್ದು ಸುಸೂತ್ರವಾಗಿ ಮುಗಿಯಿತು. ವಾರ್ಡಿಗೆ ಹೊರಟಾಗ ಅಜ್ಜಿ ಅವಳ ಕೆನ್ನೆ ಹಿಂಡಿದರು. "ಹುಡುಗ ಪರವಾಗಿಲ್ಲ ಕಣೇ."

ನರ್ಸಕ್ಕನೂ ಅಜ್ಜಿಯ ಜೊತೆ ಹೋದರು. ಡಾಕ್ಟರು ಒಬ್ಬರೇ ಗ್ಲೌಸ್ ತೆಗೆಯುತ್ತಾ ನಿಂತಿದ್ದರು.

"ತಪ್ಪಾಯ್ತು ಸರ್. ಅಜ್ಜಿಗೆ ಏನಾದ್ರೂ ಆಗಿದ್ದಿದ್ರೆ… ನನ್ನನ್ನ ಬೇರೆ ಡಿಪಾರ್ಟ್‌ಮೆಂಟಿಗೆ ಹಾಕಿಬಿಡಿ. ನಿಮಗೆ ಮುಖ ತೋರಿಸೋಕೆ ಆಗ್ತಿಲ್ಲ."

"ಮೈಕ್ ಬಿಟ್ಟಿದ್ದು ತಪ್ಪೇ. ಇನ್ನೊಂದ್ಸಲ ಆಗಬಾರದು," ಎಂದರು. ಗ್ಲೌಸನ್ನು ಬುಟ್ಟಿಗೆ ಹಾಕುತ್ತಾ, "ಆದ್ರೆ ಮೊದಲು ನಡುಗಿದ್ದು ನನ್ನ ಕೈ. ಅದನ್ನ ನೋಡಿ ಅಜ್ಜಿ ನಕ್ಕಿದ್ದು. ಪಾಪ, ಎಲ್ಲಾ ಅವರ ತಲೆಗೇ ಕಟ್ಟಿಬಿಟ್ಟೆ."

ಅವಳು ಬೆಚ್ಚಿ ನೋಡಿದಳು. ಅವರ ಮುಖ ಕೆಂಪಾಗಿತ್ತು. ಕೈ ನಡುಗಿದ್ದನ್ನು ಆ ಮನುಷ್ಯ ಯಾರ ಮುಂದೆಯೂ ಒಪ್ಪಿಕೊಂಡವರಲ್ಲ.

"ಬನ್ನಿ, ಅಜ್ಜಿ ಹತ್ರ ಇಬ್ರೂ ಹೋಗಿ ಕ್ಷಮೆ ಕೇಳೋಣ."

"ನಾನೂ ಬರಬೇಕಾ? ಅವರ ಎದುರಿಗೆ ಹೇಗೆ…"

"ನನಗೂ ನಾಚಿಕೆನೇ. ಒಬ್ಬನೇ ಹೋಗೋಕೆ ಧೈರ್ಯ ಇಲ್ಲ." ಬಾಗಿಲು ಹಿಡಿದು ನಿಂತರು. "ಆಮೇಲೆ… ನಿಮ್ಮ ಅಪ್ಪ ಅಮ್ಮನ್ನ ನೋಡೋಕೆ ಯಾವಾಗ ಬರಲಿ?"

ಅವಳು ತಲೆ ತಗ್ಗಿಸಿಕೊಂಡೇ ಅವರನ್ನು ದಾಟಿ ಕಾರಿಡಾರಿಗೆ ಬಂದಳು.

"ಭಾನುವಾರ," ಎಂದಳು.