ಕೇಳದೆ ತೆಗೆದುಕೊಂಡ ಮಾತು

"ಇದನ್ನ ಬರೆದಿದ್ದು ನೀವೇನಾ?"

ಗಾಜಿನ ಬಾಗಿಲು ಪೂರ್ತಿ ಮುಚ್ಚಿಕೊಳ್ಳುವ ಮುಂಚೆಯೇ ಅವಳು ಕೇಳಿಬಿಟ್ಟಳು. ಕೈಯಲ್ಲಿ ಮೊಬೈಲು, ಮುಖ ಕೆಂಪು. ಬಸ್‌ಸ್ಟಾಪಿನಿಂದ ದಾಪುಗಾಲು ಹಾಕಿ ಬಂದಿದ್ದರಿಂದ ಏದುಸಿರು ಬೇರೆ.

ಕೌಂಟರಿನ ಹಿಂದೆ ಕೂತು ಫ್ರೇಮೊಂದರ ಪುಟ್ಟ ಸ್ಕ್ರೂ ಬಿಗಿ ಮಾಡುತ್ತಿದ್ದವನು ತಲೆ ಎತ್ತಿದ. ಮೂವತ್ತರ ಆಸುಪಾಸು. ಕನ್ನಡಕದ ಅಂಗಡಿ ಇಟ್ಟುಕೊಂಡೂ ಕನ್ನಡಕ ಹಾಕದವನು!

"ಯಾವುದನ್ನ?"

"ಇದನ್ನ!" ಎಂದು ಅವಳು ಓದತೊಡಗಿದಳು. "'ಮಧ್ಯಾಹ್ನದ ಆ ಧಾರಾವಾಹಿಯಲ್ಲಿ ಯಾರೂ ಮಾತಾಡಲ್ಲ, ಎಲ್ಲರೂ ಭಾಷಣ ಮಾಡ್ತಾರೆ. ಬಾಗಿಲು ಹಾಕು ಅನ್ನೋಕೆ ಆ ಅತ್ತೆಗೆ ನಾಲ್ಕು ವಾಕ್ಯ ಬೇಕು. ಇದನ್ನ ಬರೆಯೋರು ಯಾವತ್ತಾದ್ರೂ ಮನುಷ್ಯರ ಜೊತೆ ಮಾತಾಡಿದ್ದಾರಾ?'"

"ಹೌದು, ನಾನೇ ಬರೆದಿದ್ದು. ಯಾಕೆ?"

"ಆ ಧಾರಾವಾಹಿಗೆ ಮಾತು ಬರೆಯೋಳು ನಾನು!"

ಅಷ್ಟರಲ್ಲಿ ಒಳಕೋಣೆಯಿಂದ ಟೀವಿಯ ಸದ್ದಿನ ಜೊತೆ ವಯಸ್ಸಾದ ದನಿಯೊಂದು ಕೇಳಿಸಿತು.

"ಯಾರಪ್ಪಾ ಅದು? ಸ್ವಲ್ಪ ಮೆಲ್ಲಗೆ... ಅತ್ತೆ ಏನಂದ್ಲು ಅಂತಾನೇ ಕೇಳಿಸ್ಲಿಲ್ಲ!"

ಅವನು ನಗು ನುಂಗಿಕೊಂಡ. "ನಮ್ಮಪ್ಪ. ನಿಮ್ಮ ಧಾರಾವಾಹಿ ಒಂದಿನಾನೂ ತಪ್ಪಿಸಲ್ಲ. ಅವರ ಜೊತೆ ನಾನೂ ನೋಡ್ತೀನಿ." ಒಂದು ಪುಟ್ಟ ಕಾರ್ಡನ್ನು ಅವಳ ಮುಂದೆ ಸರಿಸಿದ. "ಕೂತ್ಕೊಳ್ಳಿ. ಜಗಳ ಆಮೇಲೆ ಆಡೋಣ. ಮೊದಲು ಇದರಲ್ಲಿ ಕೊನೇ ಸಾಲು ಓದಿ."

"ನಾನು ಕಣ್ಣು ತೋರಿಸೋಕೆ ಬಂದಿಲ್ಲ!"

"ಗೊತ್ತು. ಆದ್ರೆ ಮೊಬೈಲನ್ನ ಕೈ ಉದ್ದಕ್ಕೂ ಚಾಚಿ ಹಿಡ್ಕೊಂಡು ಓದಿದ್ರಲ್ಲ... ಸಂಜೆ ಹೊತ್ತು ತಲೆನೋವು ಬರುತ್ತಾ?"

ಬರುತ್ತಿತ್ತು. ಆರು ತಿಂಗಳಿಂದ ಬರುತ್ತಿತ್ತು. ಅವಳು ಕೂತಳು. ಕೊನೇ ಸಾಲು ಹಾಗಿರಲಿ, ನಡುವಿನ ಸಾಲಿಗೇ ಅಕ್ಷರಗಳೆಲ್ಲ ಇರುವೆಗಳಾಗಿ ಹರಿದಾಡಿದವು.

'ಛೇ! ಜಗಳಕ್ಕೆ ಬಂದು ಕನ್ನಡಕ ಮಾಡಿಸಿಕೊಂಡು ಹೋದೋಳು ನಾನೊಬ್ಬಳೇ ಇರಬೇಕು!' ಎಂದುಕೊಳ್ಳುತ್ತ ಅವಳು ಮನೆಗೆ ಬಂದಳು. ಆ ಬರಹವನ್ನು ಬೆಳಿಗ್ಗೆ ಅವಳಿಗೆ ಕಳಿಸಿದ್ದ ಅಕ್ಕ ಇಡೀ ಸಂಜೆ ನಕ್ಕಿದ್ದೇ ನಕ್ಕಿದ್ದು.

*

ಆನ್‌ಲೈನಿನಲ್ಲಿದ್ದ ಅವನ ಆ ಪುಟಕ್ಕೆ 'ನನಗನ್ಸಿದ್ದು' ಎಂದು ಹೆಸರು, ಕೆಳಗೆ ಅಂಗಡಿಯ ವಿಳಾಸ. ಓದುವವರು ಇನ್ನೂರು ಜನವೂ ಇರಲಿಲ್ಲ. ಲಿಫ್ಟಿನಲ್ಲಿ ಸ್ಪೀಕರ್ ಹಾಕಿ ಮಾತಾಡುವವರು, ಬಟ್ಟೆ ಒಗೆದು ಮುಗಿಸಿ ಹಾಡು ಹೇಳುವ ವಾಷಿಂಗ್ ಮೆಷಿನ್ನು, ಒಂದಕ್ಕೊಂದು ಹೊಂದದ ಚಾರ್ಜರುಗಳು, ಎರಡನೇ ಭಾಗದಲ್ಲಿ ಹಾಳಾಗುವ ಸಿನಿಮಾಗಳು... ಅವನಿಗೆ ಏನೂ ಅನ್ನಿಸದ ವಿಷಯವೇ ಲೋಕದಲ್ಲಿರಲಿಲ್ಲ!

ಸ್ಟುಡಿಯೋದಲ್ಲಿ ಎಲ್ಲರೂ 'ರೈಟರಮ್ಮ' ಎಂದು ಕರೆಯುತ್ತಿದ್ದ ಅವಳಿಗೂ ಅಭಿಪ್ರಾಯಗಳಿಗೇನೂ ಬರವಿರಲಿಲ್ಲ. ಕನ್ನಡಕ ತೆಗೆದುಕೊಳ್ಳಲು ಬಂದ ದಿನವೇ ಶುರುವಾಯಿತು.

"ಒಂದು ನಿಮಿಷಕ್ಕಿಂತ ಉದ್ದದ ವಾಯ್ಸ್ ಮೆಸೇಜ್ ಕಳಿಸಬಾರದು ಅಂತ ಬರೆದಿದ್ದೀರ. ತಪ್ಪು!"

"ಯಾಕೆ?"

"ಜನ ಯೋಚನೆ ಮಾಡ್ತಾ ಸುಮ್ಮನಾಗ್ತಾರಲ್ಲ... ಆಗ ಅವರ ಮನೆ ಸದ್ದು ಕೇಳ್ಸುತ್ತೆ. ಕುಕ್ಕರು, ಮಗು, ಫ್ಯಾನು. ನನಗೆ ಅದೇ ಇಷ್ಟ."

ಅವನು ಅವಳನ್ನೇ ನೋಡಿದ. "ಇಷ್ಟೊಂದು ಕೇಳಿಸಿಕೊಳ್ಳೋರು, ಮತ್ತೆ ಅತ್ತೆ ಬಾಯಲ್ಲಿ ಯಾಕ್ರೀ ಭಾಷಣ ತುರುಕ್ತೀರಿ?"

ಅವಳು ಹೊಸ ಕನ್ನಡಕ ಹಾಕಿಕೊಂಡು ಕನ್ನಡಿಯತ್ತ ತಿರುಗಿದಳು.

"ಒಂದು ಗಂಟೆ ಇಲ್ಲಿ ಕೂತು ನೋಡಿ. ಕೂತಿದ್ದಕ್ಕೆ ಟೀ ನಾನು ಕೊಡಿಸ್ತೀನಿ."

ಮೂಲೆಯ ಸ್ಟೂಲಿನ ಮೇಲೆ ಅವಳು ಕೂತಳು. ಒಬ್ಬ ಹೆಂಗಸು ಫ್ರೇಮು ಹಾಕಿ ಕನ್ನಡಿ ನೋಡಿಕೊಂಡು, "ಅಯ್ಯೋ, ಇದರಲ್ಲಿ ಥೇಟ್ ನಮ್ಮತ್ತೆ..." ಎಂದು ಅಲ್ಲಿಗೇ ನಿಲ್ಲಿಸಿ, ಫ್ರೇಮನ್ನು ಮೆತ್ತಗೆ ವಾಪಸ್ ಇಟ್ಟಳು. ಅರ್ಧ ಮಾತು! ಆದರೆ ಇಡೀ ಮನೆಯೇ ಅದರಲ್ಲಿತ್ತು.

ವಾರಕ್ಕೆರಡು ಸಲ ಬರುವುದು ರೂಢಿಯಾಯಿತು. ಧಾರಾವಾಹಿಯ ಮಾತುಗಳು ಸಣ್ಣಗಾದವು. ಒಂದು ದಿನ ಅವನ ಪುಟದಲ್ಲಿ ಹೀಗಿತ್ತು: 'ಇವತ್ತು ಅತ್ತೆ "ಬಾಗಿಲು ಹಾಕು" ಅಂದ್ಲು. ಎರಡೇ ಪದ. ನಾನೂ ಅಪ್ಪನೂ ಚಪ್ಪಾಳೆ ಹೊಡೆದ್ವಿ.'

ಅವಳು ಅದನ್ನು ಹನ್ನೊಂದು ಸಲ ಓದಿದಳು. 'ನನಗೇನಾಗಿದೆ? ಇದರಲ್ಲೇನಿದೆ ಅಂಥದ್ದು?' ಎಂದು ತನ್ನನ್ನೇ ಗದರಿಸಿಕೊಂಡು, ಹನ್ನೆರಡನೇ ಸಲವೂ ಓದಿದಳು.

*

ಒಂದು ಬೆಳಿಗ್ಗೆ ಅವಳು ಸ್ಟುಡಿಯೋಗೆ ಹೋಗುವ ದಾರಿಯಲ್ಲಿ ಬೇಗನೇ ಅಂಗಡಿಗೆ ಬಂದಳು. ಒಳಕೋಣೆಯ ಬಾಗಿಲು ತೆರೆದಿತ್ತು. ಅವನ ಅಪ್ಪ ಡ್ರಾಯರಿನಿಂದ ಹೆಂಗಸರ ಹಳೆಯ ಕನ್ನಡಕವೊಂದನ್ನು ತೆಗೆದು, ಬಟ್ಟೆಯಿಂದ ನಿಧಾನವಾಗಿ ಒರೆಸಿ, ಮಡಿಸಿಟ್ಟ ಪೇಪರಿನ ಪಕ್ಕ ಇಟ್ಟರು.

"ಒರೆಸಿಟ್ಟಿದೀನಿ ಕಣೇ. ನಿಧಾನಕ್ಕೆ ಬಾ."

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಅವನು ಅವಳನ್ನು ಹೊರಗೆ ಕರೆದುಕೊಂಡು ಬಂದ. "ಅಮ್ಮ ಹೋಗಿ ನಾಲ್ಕು ವರ್ಷ ಆಯ್ತು. ಬೆಳಿಗ್ಗೆ ಅಡುಗೆಮನೆ ಕೆಲಸ ಮುಗಿಸಿ ಪೇಪರ್ ಓದೋಕೆ ಬರೋರು. ಅವರು ಬರೋ ಹೊತ್ತಿಗೆ ಅಪ್ಪ ಕನ್ನಡಕ ಒರೆಸಿಡೋರು. ಅದು ಹಾಗೇ..." ಒಮ್ಮೆ ಒಳಕೋಣೆಯತ್ತ ನೋಡಿದ. "ಇದನ್ನ ಯಾರಿಗೂ ಹೇಳಿಲ್ಲ ನಾನು. ಪೇಜಲ್ಲೂ ಬರೆದಿಲ್ಲ."

ಅವನು ತನಗೊಬ್ಬಳಿಗೇ ಹೇಳಿದ್ದ!

ಮುಂದಿನದನ್ನು ಅವಳು ಆಮೇಲೆ ಎಷ್ಟು ಸಲ ನೆನೆಸಿಕೊಂಡು ಹಲ್ಲು ಕಚ್ಚಿದಳೋ...

ಅಜ್ಜಿಯ ಪಾತ್ರದವರು ದಿಢೀರನೆ ಧಾರಾವಾಹಿ ಬಿಟ್ಟರು. ಅಜ್ಜಿ ಸತ್ತ ಮೇಲೆ ತಾತ ಒಬ್ಬನೇ ಇರುವ ದೃಶ್ಯ ನಾಲ್ಕು ಗಂಟೆಗೆ ಬೇಕು ಎಂದರು ಡೈರೆಕ್ಟರ್. ಮೂರೂವರೆಯಾದರೂ ಒಂದು ಸಾಲೂ ಹೊಳೆಯಲಿಲ್ಲ. ಆಮೇಲೆ ಬೆರಳುಗಳು ತಾವಾಗಿಯೇ ಬರೆದವು. ಒಮ್ಮೆ ಅಳಿಸಿದಳು. 'ಇಷ್ಟು ಚಂದದ ಮಾತು ಆ ಕೋಣೆಯೊಳಗೇ ಉಳೀಬೇಕಾ? ನಾನೇನು ಕೆಟ್ಟದಾಗಿ ಬರೀತಿದ್ದೀನಾ?' ಎಂದುಕೊಂಡು ಮತ್ತೆ ಬರೆದಳು. ಕಳಿಸಿಯೂಬಿಟ್ಟಳು.

ದೃಶ್ಯ ಪ್ರಸಾರವಾದ ದಿನ ಜನ ಅತ್ತರು. ಮೂರನೇ ದಿನದಿಂದ ನಗತೊಡಗಿದರು. ರೀಲ್ಸಿನಲ್ಲಿ ಒಬ್ಬ ಬೈಕಿನ ಸೀಟು ಒರೆಸಿ, "ಒರೆಸಿಟ್ಟಿದೀನಿ ಕಣೇ, ನಿಧಾನಕ್ಕೆ ಬಾ" ಎಂದ. ಇನ್ನೊಬ್ಬ ತನ್ನ ಬೋಳುತಲೆ ಒರೆಸಿಕೊಂಡು ಅದನ್ನೇ ಹೇಳಿದ. ಹಿಂದೆ ಡೋಲಿನ ಸದ್ದು. ಎಲ್ಲರ ಮೊಬೈಲಿನಲ್ಲೂ ಅದೇ, ಬಸ್ಸಿನಲ್ಲೂ ಅದೇ.

ಅವನು ಫೋನ್ ಎತ್ತಲಿಲ್ಲ. ಎಂಟು ದಿನವಾದರೂ ಪುಟದಲ್ಲಿ ಒಂದಕ್ಷರ ಬರಲಿಲ್ಲ. ಕೊನೆಗೆ ಅವಳೇ ಅಂಗಡಿಗೆ ಹೋದಳು.

"ಅಪ್ಪ ಆ ಡ್ರಾಯರ್ ತೆಗೆದು ವಾರ ಆಯ್ತು," ಎಂದ ಅವನು, ಫ್ರೇಮಿನಿಂದ ಕಣ್ಣೆತ್ತದೆ.

"ನಾನು... ನಾನು ಪ್ರೀತಿಯಿಂದಾನೇ ಬರೆದೆ..."

"ಗೊತ್ತು. ಚೆನ್ನಾಗೇ ಬರೆದಿದ್ದೀರ."

"ಬಯ್ದುಬಿಡಿ ನನ್ನ. ಹೀಗಿರಬೇಡಿ."

"ಬಯ್ಯೋಷ್ಟು ಸಿಟ್ಟಿಲ್ಲ." ಆಗ ಅವನು ತಲೆ ಎತ್ತಿದ. "ಭಯ ಆಗ್ತಿದೆ. ನಿಮ್ಮೆದುರು ಮಾತಾಡೋಕೆ."

ಅವಳು ಬಾಗಿಲು ತೆರೆದುಕೊಂಡು ಹೊರಬಂದಳು. ಬಸ್ಸು ಬಂದು ನಿಂತು, ಹೊರಟೂ ಹೋಯಿತು. ಅವಳು ಹತ್ತಲೇ ಇಲ್ಲ.

*

ಮರುದಿನ ಡೈರೆಕ್ಟರ್ ಸಂಭ್ರಮದಲ್ಲಿದ್ದರು. "ರೈಟರಮ್ಮ, ಇನ್ನು ಮೇಲೆ ತಾತ ದಿನಾ ಆ ಮಾತು ಹೇಳ್ಬೇಕು. ಪ್ರತಿ ಕಂತಲ್ಲೂ!"

"ಆಗಲ್ಲ ಸರ್. ತಾತ ಇನ್ನು ಅದನ್ನ ಹೇಳಲ್ಲ."

"ಜನಕ್ಕೆ ಬೇಕು ಕಣಮ್ಮಾ!"

"ಅದು ನನ್ನ ಮಾತಲ್ಲ ಸರ್. ಕೇಳದೆ ತಗೊಂಡಿದ್ದು. ಇನ್ನೊಂದು ಸಲ ನಾನು ಬರೆಯಲ್ಲ."

"ಹಾಗಾದ್ರೆ ಬರೆಯೋರು ಬೇರೆಯವರು ಇದ್ದಾರೆ," ಎಂದರು ಅವರು, ದನಿ ಏರಿಸದೆ. ಸಂಜೆಯೊಳಗೆ ಅವಳು ತನ್ನ ಮೇಜು ಖಾಲಿ ಮಾಡಿದ್ದಳು. ಅಕ್ಕನನ್ನು ಬಿಟ್ಟು ಬೇರೆ ಯಾರಿಗೂ ಇದನ್ನು ಹೇಳಲಿಲ್ಲ. ಹೇಳಿ ಕ್ಷಮೆ ಗಿಟ್ಟಿಸಿಕೊಳ್ಳುವುದು ಅವಳಿಗೆ ಬೇಡವಾಗಿತ್ತು.

ಆದರೆ ಒಬ್ಬರ ಮುಂದೆ ನಿಲ್ಲಲೇಬೇಕಿತ್ತು. ಅವನು ಲೆನ್ಸು ತರಲು ಹೋಗುವ ಹೊತ್ತು ನೋಡಿಕೊಂಡು ಅಂಗಡಿಗೆ ಹೋದಳು. ಹಿರಿಯರು ಕೌಂಟರಿನಲ್ಲಿ ಕೂತಿದ್ದರು.

"ನಿಮ್ಮ ಮಾತನ್ನ ನಿಮ್ಮನ್ನ ಕೇಳದೆ ತಗೊಂಡೆ. ತಪ್ಪಾಯ್ತು."

ಅವರು ಕೈಲಿದ್ದ ಪೇಪರ್ ಮಡಿಸಿಟ್ಟರು.

"ನಿನ್ನ ಆ ತಾತ ಒಣಬಟ್ಟೇಲಿ ಒರೆಸಿದನಲ್ಲಮ್ಮ! ಗೀರು ಬೀಳಲ್ವಾ? ಮೊದಲು ನೀರು ಚಿಮುಕಿಸ್ಬೇಕು. ಅದನ್ನಾದ್ರೂ ಸರಿಯಾಗಿ ನೋಡ್ಕೋಬಾರದಿತ್ತಾ?"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಅವಳಿದ್ದಿದ್ರೆ ಬಿದ್ದು ಬಿದ್ದು ನಗ್ತಿದ್ಲು," ಎಂದರು ಅವರು. "ನನಗೇ ಆಗ್ತಿಲ್ಲ. ಆ ಮಾತು ಬಾಯಿಗೆ ಬಂದ್ರೆ ಟೀವಿ ಥರಾನೇ ಕೇಳ್ಸುತ್ತೆ."

"ಅದನ್ನ ವಾಪಸ್ ಕೊಡೋಕೆ ನನ್ನಿಂದ ಆಗಲ್ಲ..."

"ಆಗಲ್ಲ, ಬಿಡು. ಮುಂದಿನ ತಿಂಗಳು ಜನ ಬೇರೆ ಯಾವುದಾದ್ರೂ ಹಿಡ್ಕೋತಾರೆ. ಅಲ್ಲೀವರೆಗೂ ಕಾಯ್ತೀನಿ. ಕಾಯೋದು ನನಗೇನೂ ಹೊಸದಲ್ಲ." ಅವರು ಸ್ಟೂಲನ್ನು ಅವಳ ಕಡೆ ಸರಿಸಿದರು. "ನಿಂತೇ ಇದೀಯಲ್ಲ. ಕೂತ್ಕೋ."

*

ಒಂದು ತಿಂಗಳು ಕಳೆಯಿತು. ಅವಳಿಗೆ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಮಿಕ್ಸಿ, ಹೀಟರುಗಳ ಜೊತೆ ಕೊಡುವ ಸೂಚನಾ ಪುಸ್ತಕ ಬರೆಯುವುದು. 'ಗುಂಡಿ ಒತ್ತಿ. ಎರಡು ನಿಮಿಷ ಕಾಯಿರಿ.' ಅಲ್ಲಿ ಯಾರ ಮಾತನ್ನೂ ಕದಿಯುವ ಪ್ರಮೇಯವಿರಲಿಲ್ಲ. ಆದರೆ ಸಂಜೆ ಬಸ್ಸಿನಲ್ಲಿ ಏನಾದರೂ ತಮಾಷೆ ಕಂಡರೆ, 'ಇದಕ್ಕೆ ಅವರೇನಂತಾರೋ...' ಎಂದು ಮನಸ್ಸು ಸೀದಾ ಆ ಅಂಗಡಿಗೆ ಹೋಗುತ್ತಿತ್ತು.

ಒಂದು ಶುಕ್ರವಾರ ಐದೂವರೆಗೆ ಅವಳು ಮೆಟ್ಟಿಲಿಳಿದು ಬಂದಾಗ, ಎದುರಿನ ಫುಟ್‌ಪಾತಿನಲ್ಲಿ ಅವನು ನಿಂತಿದ್ದ.

ಅವಳನ್ನು ಕಂಡು ರಸ್ತೆ ದಾಟಿ ಬಂದ.

"ಧಾರಾವಾಹೀಲಿ ನೀವಿಲ್ಲ," ಎಂದ ಅವನು.

"ಟೈಟಲಲ್ಲಿ ಹೆಸರು ತೆಗೆದ್ರಾ?"

"ಹೆಸರು ಯಾರ್ರೀ ನೋಡ್ತಾರೆ? ಮಾತಲ್ಲೇ ಗೊತ್ತಾಯ್ತು. ನೀವು ಬರೆದ್ರೆ ಜನ ಅರ್ಧಕ್ಕೆ ನಿಲ್ಲಿಸ್ತಾರೆ. ಈಗ ಎಲ್ಲರೂ ಪೂರ್ತಿ ಹೇಳಿ ಮುಗಿಸ್ತಿದ್ದಾರೆ. ರಜಾ ಹಾಕಿರ್ಬೇಕು ಅಂದ್ಕೊಂಡೆ. ಎರಡು ವಾರ ಆದ್ಮೇಲೆ ಸ್ಟುಡಿಯೋಗೇ ಫೋನ್ ಮಾಡ್ದೆ. ಡೈರೆಕ್ಟರು ನಿಮ್ಮನ್ನ ಚೆನ್ನಾಗಿ ಬಯ್ದ್ರು. ಆ ಬೈಗುಳದಲ್ಲೇ ಎಲ್ಲಾ ತಿಳೀತು. ಕನ್ನಡಕದ ಬಿಲ್ಲಲ್ಲಿದ್ದ ವಿಳಾಸಕ್ಕೆ ಹೋದೆ, ಈ ಆಫೀಸು ನಿಮ್ಮಕ್ಕ ಹೇಳಿದ್ರು." ಅವನ ದನಿ ಇಳಿಯಿತು. "ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ... ನಿಮ್ಮಿಂದ ಏನೋ ಕೇಳಿದ ಹಾಗಾಗ್ತಿತ್ತು."

ಇಬ್ಬರೂ ನಡೆಯತೊಡಗಿದರು. ಅಂಗಡಿಗಳ ದೀಪಗಳು ಒಂದೊಂದಾಗಿ ಹತ್ತುತ್ತಿದ್ದವು.

"ನಿನ್ನೆ ಅಪ್ಪ ಡ್ರಾಯರ್ ತೆಗೆದ್ರು."

ಅವಳು ನಿಂತುಬಿಟ್ಟಳು. "ಏನಾದ್ರೂ..."

"ಅಂದ್ರು. ಬೇರೆ ಏನೋ ಅಂದ್ರು." ಅವನು ಅವಳ ಮುಖ ನೋಡಿದ. "ಹೇಳ್ಲಾ?"

"ಬೇಡ," ಎಂದಳು ಅವಳು ತಕ್ಷಣ. "ಅದು ಅವರದ್ದು. ಅವರ ಹತ್ರಾನೇ ಇರಲಿ."

ಎಷ್ಟೋ ದಿನದಿಂದ ಬಿಗಿಹಿಡಿದಿದ್ದ ಅವನ ಭುಜಗಳು ಸಡಿಲಾದವು. ಅದನ್ನು ಅವಳು ಕಣ್ಣಾರೆ ಕಂಡಳು.

"ಪೇಜಲ್ಲಿ ಬರೆಯೋಕೆ ಆಗ್ತಾನೇ ಇಲ್ಲ ನನಗೆ," ಎಂದ ಸ್ವಲ್ಪ ದೂರ ಹೋದ ಮೇಲೆ. "ಏನೋ ಬರೀತೀನಿ. ನೀವು ಬಂದು 'ತಪ್ಪು' ಅಂತೀರಿ ಅಂತ ಕಾಯ್ತೀನಿ. ನೀವು ಬರಲ್ಲ. ಅಳಿಸ್ತೀನಿ." ಬಿಸಿಯುಸಿರು ಬಿಟ್ಟ. "ಸುತ್ತಿ ಬಳಸಿ ಹೇಳೋಕೆ ಬರಲ್ಲ ನನಗೆ. ನೀವಂದ್ರೆ ಇಷ್ಟ ನನಗೆ. ತುಂಬಾ ಇಷ್ಟ."

ಮುನ್ನೂರು ಕಂತುಗಳಲ್ಲಿ ಅದೆಷ್ಟು ಪ್ರೇಮನಿವೇದನೆಗಳನ್ನು ಬರೆದಿದ್ದಳೋ ಅವಳು! ಪ್ರತಿಯೊಂದಕ್ಕೂ ನಾಯಕಿಯ ಬಾಯಿಗೆ ಎಂಥೆಂಥ ಉತ್ತರ ಇಟ್ಟಿದ್ದಳೋ! ಈಗ ಒಂದೂ ನೆನಪಾಗಲಿಲ್ಲ.

"ಹೂಂ," ಎಂದಳು.

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ ಕಣೋ!"

ಆಡಿದ ಮೇಲೆ ಅವಳಿಗೇ ಗಾಬರಿಯಾಗಿ ಬಾಯಿ ಮುಚ್ಚಿಕೊಂಡಳು. ಅವನು ನಡೆಯುವುದನ್ನೇ ನಿಲ್ಲಿಸಿ, ಕಿವಿಯ ತುದಿಯವರೆಗೂ ಕೆಂಪಾಗಿ ನಿಂತಿದ್ದ.

"ಏನಂದ್ರಿ?"

"ಏನಿಲ್ಲ..."

"ಇಲ್ಲ ಇಲ್ಲ. ಇನ್ನೊಂದು ಸಲ ಅನ್ನು."

ಅವಳು ನಕ್ಕಳು. ಅವನ ಕೈ ಹಿಡಿದು, ಅವನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಅಂದಳು.